ಯಾವ ಮಗುವಿಗೆ ಕಚ್ಚಿತ್ತು

ಯಶೋದಮ್ಮನಿಗೆ ನಾಯಿ ಎಂದರೆ ಜೀವಭಯ ಎಂಬುದು ಹಳೇಕೊಪ್ಪಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೀದಿಯಲ್ಲಿ ಒಂದು ಮರಿ ಎದುರಿಗೆ ಬಂದರೂ ಸೆರಗು ಬಿಗಿಹಿಡಿದು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. "ಟೀಚರಮ್ಮ ಬತ್ತಾವ್ಳೆ, ನಾಯಿ ಕಟ್ಕಳ್ರಪ್ಪಾ" ಎಂದು ಜಗಲಿಯ ಮೇಲೆ ಕೂತ ಗಂಡಸರು ತಮಾಷೆ ಮಾಡುತ್ತಿದ್ದರು. ಅವಳೂ ನಕ್ಕು ಮುಂದೆ ಹೋಗುತ್ತಿದ್ದಳು. ಭಯ ಯಾಕೆ ಎಂದು ಅವರು ಕೇಳಿದವರಲ್ಲ, ಅವಳು ಹೇಳಿದವಳಲ್ಲ.

ಅವಳು ಹುಟ್ಟಿ ಬೆಳೆದದ್ದು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ. ಅಪ್ಪ ಮರಗೆಲಸದ ಆಚಾರಿ. ಬೆಳ್ಳೂರು ಕ್ರಾಸಿನ ಹೋಟೆಲುಗಳಿಗೆ ಬೆಂಚು, ಮೇಜು ಮಾಡಿಕೊಡುತ್ತಿದ್ದ. ರಜೆಯ ದಿನ ಅಪ್ಪನಿಗೆ ಬುತ್ತಿ ಒಯ್ಯುವುದು ಅವಳ ಕೆಲಸ. ಒಂದು ಹೋಟೆಲಿನಲ್ಲಿ ಬೋಂಡ ಕರಿಯುವವನೊಬ್ಬ ಅವಳನ್ನು ಕಂಡಾಗಲೆಲ್ಲ ಒಂದು ಬೋಂಡವನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತಿದ್ದ. ಒಂದು ಸಲ ಹೋದಾಗ ಅವನು ಒಲೆಯ ಮುಂದೆ ಇರಲಿಲ್ಲ. ಹಿಂದುಗಡೆಯ ಸೌದೆ ಕೊಟ್ಟಿಗೆಯಲ್ಲಿ ಕಂಬಕ್ಕೆ ಕಟ್ಟಿಹಾಕಿದ್ದರು. ತಿಂಗಳ ಹಿಂದೆ ನಾಯಿ ಕಚ್ಚಿತ್ತಂತೆ, ಸುಣ್ಣ ಹಚ್ಚಿಕೊಂಡು ಸುಮ್ಮನಾಗಿದ್ದನಂತೆ. ನೀರು, ನೀರು ಎಂದು ಕೇಳುತ್ತಿದ್ದ. ಯಾರೋ ಲೋಟ ಹಿಡಿದು ಹತ್ತಿರ ಹೋದದ್ದೇ ಅವನ ಕುತ್ತಿಗೆ ಸೆಟೆದು, ಹೆಗಲು ಮುದುಡಿ, ಇಡೀ ಮೈ ಆ ಲೋಟದಿಂದ ದೂರ ಓಡಲು ಎಳೆದಾಡಿತು. ಅಪ್ಪ ಓಡಿಬಂದು ಅವಳ ಕಣ್ಣು ಮುಚ್ಚಿ ಎತ್ತಿಕೊಂಡು ಹೋದ. ಅಷ್ಟರೊಳಗೆ ನೋಡಬಾರದ್ದನ್ನೆಲ್ಲ ಅವಳು ನೋಡಿಯಾಗಿತ್ತು.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿಗೆ, ಹೇಮಗಿರಿ ದಾರಿಯ ಹಳೇಕೊಪ್ಪಲಿಗೆ ಕೊಟ್ಟರು. ಗಂಡ ಲಕ್ಷ್ಮಣನದೂ ಮರಗೆಲಸವೇ. ಒಕ್ಕಲಿಗರ ಊರು, ಆಚಾರಿಗಳದು ಇವರದೊಂದೇ ಮನೆ. ಊರಿಗೆ ಅಂಗನವಾಡಿ ಬಂದಾಗ ಅಷ್ಟು ಓದಿದ ಸೊಸೆ ಬೇರೆ ಯಾರೂ ಇರಲಿಲ್ಲವಾಗಿ ಕೆಲಸ ಅವಳಿಗೆ ಸಿಕ್ಕಿತು. ರಾಮದೇವರ ಗುಡಿಯ ಮಗ್ಗುಲಲ್ಲಿದ್ದ ಹಳೆಯ ಭಜನೆ ಮನೆಯೇ ಅಂಗನವಾಡಿಯಾಯಿತು. ಸಹಾಯಕ್ಕೆ ದೊಡ್ಡತಾಯಮ್ಮ. ಐವತ್ತು ದಾಟಿದ ಹೆಂಗಸು, ಬಾಯಿ ಜೋರು, ಕೈ ಇನ್ನೂ ಜೋರು. ಭಜನೆ ಮನೆಯ ಹಿಂದೆ ಒಂದಿಷ್ಟು ಬಯಲು, ಅದಕ್ಕೆ ಅಲ್ಲಲ್ಲಿ ಕಿತ್ತುಹೋದ ಮುಳ್ಳುಬೇಲಿ.

ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಅಂಗನವಾಡಿಯ ಬಗ್ಗೆ ಆಡಲು ದಿನಾ ಒಂದು ಮಾತು ಇರುತ್ತಿತ್ತು.

"ಅಲ್ಲೇನ್ ಕಲೀತವೆ ಐಕ್ಳು? ಉಪ್ಪಿಟ್ ತಿಂದು ಮನೀಕಂಡು ಎದ್ ಬತ್ತವೆ. ನನ್ ಮೊಮ್ಮಗನ್ನ ಪೇಟೆ ಕಾನ್ವೆಂಟಿಗೆ ಆಕಿವ್ನಿ, ನೋಡು, ಆಗ್ಲೇ ಟುಸ್ಸು ಪುಸ್ಸು ಅಂತನೆ" ಎನ್ನುತ್ತಿದ್ದ ನಂಜಪ್ಪ. ಎರಡು ಜೋಡಿ ಸೀಮೆಹಸು ಕಟ್ಟಿದ ಮನೆಯ ಯಜಮಾನ.

"ನಿಮ್ಗಾದ್ರೆ ನಡೀತದೆ ಬುಡಣ್ಣ. ನಮ್ಗೆ ಗದ್ದೆಗೋಗೋ ಒತ್ನಲ್ಲಿ ಐಕ್ಳು ಕಾಲ್ಗೆ ತೊಡರ್ದಿದ್ರೆ ಅದೇ ಪುಣ್ಯ" ಎನ್ನುವವರು ಕೆಲವರು. ಓದು ಬರಹ ಏನಿದ್ದರೂ ಒಂದನೇ ಕ್ಲಾಸಿನಿಂದ. ಅದಕ್ಕೆ ಮುಂಚೆ ಮಕ್ಕಳಿಗೆ ಬೇಕಾದ್ದು ಹೊಟ್ಟೆಗೆ ಹಿಟ್ಟು, ಮನಸ್ಸಿಗೆ ಸ್ವಲ್ಪ ಹೆದರಿಕೆ ಎಂಬುದು ಊರಿನ ಒಟ್ಟು ಅಭಿಪ್ರಾಯ. ಹೆದರಿಕೆಗೇನೂ ಕೊರತೆ ಇರಲಿಲ್ಲ. ಉಣ್ಣದಿದ್ದರೆ ಗುಮ್ಮ ಬರುತ್ತಿತ್ತು, ಅತ್ತರೆ ಪೊಲೀಸಿನವನು ಬರುತ್ತಿದ್ದ, ಗಲಾಟೆ ಮಾಡಿದರೆ ಸೂಜಿ. ಅಂಗನವಾಡಿಯಲ್ಲೂ ಅದೇ. ಇಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿಕೊಂಡಾಗ ಯಶೋದಮ್ಮನೂ "ಸುಮ್ಕೆ ಕೂರ್ತೀರೋ, ನರ್ಸಮ್ಮನ್ನ ಕರ್ದು ಸೂಜಿ ಹಾಕಿಸ್ಲೋ?" ಎಂದು ಗದರುತ್ತಿದ್ದಳು. ಮಕ್ಕಳು ಗಪ್‌ಚಿಪ್ಪಾಗುತ್ತಿದ್ದವು.

ತೊಂಬತ್ತನಾಲ್ಕರಲ್ಲಿ, ಸಂಕ್ರಾಂತಿ ಕಳೆದು ಕಬ್ಬು ಕಡಿಯುವ ಕಾಲ. ಬೆಳಗಿನ ಹೊತ್ತು ಯಶೋದಮ್ಮ ಒಳಗೆ ತಟ್ಟೆಗಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಮಕ್ಕಳು ಹಿಂದಿನ ಬಯಲಿನಲ್ಲಿ ಡ್ರಮ್ಮಿನ ಹತ್ತಿರ ಕೈ ತೊಳೆಯುತ್ತಿದ್ದವು. ದೊಡ್ಡತಾಯಮ್ಮ ಬೋರಿನ ಬಳಿ ನೀರು ಹೊಡೆಯುತ್ತಿದ್ದಳು. ಮಕ್ಕಳ ಕೂಗು ಇದ್ದಕ್ಕಿದ್ದಂತೆ ಬೇರೆ ಥರ ಕೇಳಿಸಿತು. ಯಶೋದಮ್ಮ ಸೌಟು ಹಿಡಿದೇ ಹೊಸ್ತಿಲಿಗೆ ಓಡಿದಳು. ಬೇಲಿಯ ಕಂಡಿಯಿಂದ ಒಂದು ಕಂದು ನಾಯಿ ನುಗ್ಗಿತ್ತು. ತಲೆ ತಗ್ಗಿಸಿ, ಬಾಯಿ ಅರೆ ತೆರೆದು, ಯಾರನ್ನೂ ನೋಡದೆ ಮಕ್ಕಳ ಮಧ್ಯದಲ್ಲೇ ಅಡ್ಡಾದಿಡ್ಡಿ ಓಡುತ್ತಿತ್ತು. ಅವಳ ಕಾಲು ನೆಲಕ್ಕೆ ಕಚ್ಚಿಕೊಂಡಿತು. ದೊಡ್ಡತಾಯಮ್ಮ ಬಿಂದಿಗೆ ಎತ್ತಿ ಬೀಸಿದಾಗ ನಾಯಿ ಇನ್ನೊಂದು ಕಂಡಿಯಿಂದ ನಂಜಪ್ಪನ ಹಟ್ಟಿಯ ಕಡೆ ಹೋಯಿತು. ಮಕ್ಕಳು ಬಿದ್ದು ಎದ್ದು ಒಳಗೆ ನುಗ್ಗಿದವು. ದೊಡ್ಡತಾಯಮ್ಮ ಬಾಗಿಲು ಹಾಕಿ ಅಗುಳಿ ಸಿಕ್ಕಿಸಿದಳು.

"ಯಾರ್ಗಾರಾ ಕಚ್ತೇನ್ರೋ? ಕಚ್ಚಿದ್ರೆ ಈಗ್ಲೇ ಯೋಳ್ಬುಡಿ. ಒಟ್ಟೆ ಸುತ್ತ ಸೂಜಿ ಆಕುಸ್ಬೇಕಾಯ್ತದೆ" ಎಂದಳು ದೊಡ್ಡತಾಯಮ್ಮ, ಏದುಸಿರು ಬಿಡುತ್ತ.

ಮಕ್ಕಳೆಲ್ಲ ತಲೆಯಾಡಿಸಿದವು. ಇಲ್ಲ, ಯಾರಿಗೂ ಇಲ್ಲ. ಒಂದೆರಡು ಬಿಕ್ಕುತ್ತಿದ್ದವು, ಒಂದರ ಮೊಣಕೈ ತರಚಿತ್ತು, ಬಿದ್ದದ್ದು ಎಂದಿತು. ರಕ್ತ ಎಲ್ಲೂ ಕಾಣಲಿಲ್ಲ. ಯಶೋದಮ್ಮ ಉಪ್ಪಿಟ್ಟು ಹಂಚಿದಳು. ಮಧ್ಯಾಹ್ನದ ಹೊತ್ತಿಗೆ ನಾಯಿಯನ್ನು ಕೆರೆ ಏರಿಯ ಮೇಲೆ ಹೊಡೆದು ಹಾಕಿದರೆಂದು ಸುದ್ದಿ ಬಂತು. ಅಲ್ಲಿಗೆ ಊರು ಅದನ್ನು ಮರೆಯಿತು. ಅವಳೂ ಮರೆಯಲು ನೋಡಿದಳು.

ಶಿವರಾತ್ರಿ ಹತ್ತಿರ ಬಂದಾಗ ನಂಜಪ್ಪನ ಒಂದು ಸೀಮೆಹಸು ಮೇವು ಬಿಟ್ಟಿತು. ನೀರಿನ ಬಾನಿಗೆ ಮೂತಿ ಇಟ್ಟು ಹಿಂದಕ್ಕೆಳೆದುಕೊಳ್ಳುತ್ತಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಆಮೇಲೆ ಕೂಗಲು ಶುರು ಮಾಡಿತು. ಹಸುವಿನ ಕೂಗಲ್ಲ ಅದು. ಒಡೆದ ಗಂಟಲಿನಿಂದ ಯಾರೋ ದೂರದವರನ್ನು ಕರೆದಂತೆ. ಭಜನೆ ಮನೆಯ ಒಳಗೆ ಕೂತರೂ ಕೇಳಿಸುತ್ತಿತ್ತು. ಮಕ್ಕಳು ಕಿವಿ ಮುಚ್ಚಿಕೊಂಡವು. ಪೇಟೆಯಿಂದ ಬಂದ ದನದ ಡಾಕ್ಟರು ದೂರದಿಂದಲೇ ನೋಡಿ, ಯಾರೂ ಹತ್ತಿರ ಹೋಗಬೇಡಿ ಎಂದರು.

"ಇದಕ್ಕೆ ಯಾವಾಗಾದ್ರೂ ನಾಯಿ ಕಚ್ಚಿತ್ತಾ?"

ನಂಜಪ್ಪ ನೆನಪು ಮಾಡಿಕೊಂಡ. "ಒಂದ್ ತಿಂಗ್ಳಾಯ್ತು ಸ್ವಾಮಿ, ಕಂದ್ ನಾಯಿ ಒಂದು ಬಂದು ಮೂತಿಗೆ ಬಾಯ್ ಆಕ್ತು. ಕೆರೆ ಏರಿ ಮ್ಯಾಲೆ ಒಡ್ದಾಕುದ್ರು."

"ನಿಮ್ಮ ಹಟ್ಟಿಗೆ ಬರೋಕೆ ಮುಂಚೆ ಅದು ಎಲ್ಲಿತ್ತು?"

"ಭಜ್ನೆ ಮನೆ ಕಡೆಯಿಂದ ಬಂತು."

ಗುಂಪಿನ ಹಿಂದೆ ನಿಂತಿದ್ದ ಯಶೋದಮ್ಮನಿಗೆ ಕಿವಿಯೊಳಗೆ ಗುಯ್ ಎಂದಿತು.

ಹಸು ಮಾರನೆಯ ದಿನ ಸತ್ತಿತು. ಆ ದಿನ ಡೈರಿಯ ಮುಂದೆ ಹಾಲಿನ ಲೆಕ್ಕ ಕೇಳುವವರಿಲ್ಲ. ಅದರ ಹಾಲು ಕುಡಿದವರ ಗತಿಯೇನು ಎಂಬುದೇ ಮಾತು. ಬಾಣಂತಿಯರು ಅತ್ತರು. ಕಾಯಿಸಿ ಕುಡಿದ ಹಾಲಿನಿಂದ ಏನೂ ಆಗದು, ಹಸುವಿನ ಬಾಯಿಗೆ ಕೈ ಹಾಕಿದವರು ಮಾತ್ರ ಬನ್ನಿ ಎಂದು ಸರ್ಕಾರಿ ಡಾಕ್ಟರು ಹೇಳಿ ಕಳಿಸಿದ ಮೇಲೆ ಆ ದಿಗಿಲು ಇಳಿಯಿತು. ನಂಜಪ್ಪನೂ ಅವನ ಮಗನೂ ಸೂಜಿಗೆ ಹೋದರು. ಉಳಿದ ಹೆದರಿಕೆಗೆ ಒಂದು ಜಾಗ ಬೇಕಿತ್ತು. ಅದು ಭಜನೆ ಮನೆಯ ಮುರುಕು ಬೇಲಿಯ ಮೇಲೆ ಬಂದು ಕೂತಿತು. ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ ಇದೆಲ್ಲ ಯಾಕಾಗುತ್ತಿತ್ತು ಎಂದರು. ಕೂಸಿಗೆ ಇಸ್ಕೂಲು ಯಾಕೆ ಎಂದು ಆಗಲೇ ಹೇಳಿದ್ದೆವು ಎಂದರು.

ದನದ ಡಾಕ್ಟರು ಬಂದ ದಿನವೇ ಯಶೋದಮ್ಮ ಮನೆಗೆ ಬಂದು ಮೊದಲು ತನ್ನ ಮಗಳು ಯಶಸ್ವಿನಿಯ ಮೈಯನ್ನೆಲ್ಲ ಹುಡುಕಿದಳು. ಅವಳೂ ಆ ದಿನ ಬಯಲಿನಲ್ಲಿದ್ದ ಮಗು. ಏನೂ ಇರಲಿಲ್ಲ. ಅಲ್ಲಿಗೆ ಉಸಿರು ಬಿಡಬಹುದಿತ್ತು. ಬಿಡಲಾಗಲಿಲ್ಲ.

"ನಾಯಿ ಆ ಮಕ್ಳ ಮಧ್ಯದಲ್ಲಿ ನುಗ್ಗಿ ಹೋಯ್ತು. ಹಸೂಗೆ ಬಾಯಿ ಹಾಕಿದ್ದು ಮಕ್ಳಿಗೆ ಹಾಕಿರಲ್ಲ ಅಂತ ಹೆಂಗೆ ನಂಬಲಿ?" ಎಂದಳು ಗಂಡನಿಗೆ.

ಲಕ್ಷ್ಮಣ ಉಳಿ ಮಸೆಯುತ್ತಿದ್ದವನು ಕೈ ನಿಲ್ಲಿಸಿದ. "ಕೇಳ್ದೆ ತಾನೆ? ಯಾರ್ಗೂ ಕಚ್ಚಿಲ್ಲ ಅಂದ್ವು ತಾನೆ?"

"ಅಂದ್ವು."

"ಹಂಗಿದ್ಮೇಲೆ ಸುಮ್ಕಿರು. ಊರಲ್ಲಿ ನಮ್ದು ಒಂದೇ ಮನೆ. ನಿಮ್ ಮಗೀಗೆ ಹುಚ್ಚುನಾಯಿ ಕಚ್ಚದೆ ಅಂತ ಇವ್ರ ಬಾಗ್ಲಿಗೆ ಹೋಗಿ ಹೇಳಿದ್ರೆ ನಾಳೆ ನನ್ ಕೈಲಿ ಒಂದು ನೇಗ್ಲು ಮಾಡಿಸಾಕಿಲ್ಲ."

ಅವನ ಮಾತೂ ಸುಳ್ಳಲ್ಲ. ಅವನಿಗೂ ಹೆದರಿಕೆಯೇ, ಬೇರೆಯದು. ಆದರೆ ಅವಳ ಕಣ್ಣಿಗೆ ಸೌದೆ ಕೊಟ್ಟಿಗೆಯ ಕಂಬ ಬರುತ್ತಿತ್ತು. ಆ ಕಂಬಕ್ಕೆ ಒರಗಿದವರ ಮುಖ ಈಗ ಚಿಕ್ಕದಾಗಿತ್ತು. ಯಾರದೆಂದು ಮಾತ್ರ ಕಾಣುತ್ತಿರಲಿಲ್ಲ.

ಮಾರನೆಯ ದಿನದಿಂದ ಮನೆಮನೆಗೆ ಹೋದಳು. ತೂಕ ನೋಡಬೇಕು, ಕಜ್ಜಿ ನೋಡಬೇಕು ಎಂದು ಏನೇನೋ ನೆಪ ಹೇಳಿ ಮಕ್ಕಳ ಕೈಕಾಲು ತಿರುಗಿಸಿ ನೋಡಿದಳು. ಮುಳ್ಳು ಗೀರಿದ್ದು, ಕಲ್ಲು ತಗುಲಿದ್ದು, ಸೊಳ್ಳೆ ಕಚ್ಚಿ ಕೆರೆದದ್ದು, ಹಳ್ಳಿಯ ಮಕ್ಕಳ ಕಾಲಿನಲ್ಲಿ ಗಾಯದ ಗುರುತಿಲ್ಲದ ಜಾಗವೇ ಇಲ್ಲ. ಯಾವುದು ಹಲ್ಲಿನದು, ಯಾವುದು ಬೇಲಿಯದು? ಮಕ್ಕಳನ್ನು ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ, ತಲೆಯಾಡಿಸುವುದು. ಅಮ್ಮಂದಿರು ಎರಡೇ ಮನೆಯಲ್ಲಿ ಅವಳ ನೆಪ ನಂಬಿದರು. ಮೂರನೆಯ ಮನೆಯ ಹೊತ್ತಿಗೆ ವಿಷಯ ಬೀದಿಗೆ ಬಂದಿತ್ತು.

"ಏನ್ ಟೀಚರಮ್ಮ, ನಮ್ ಕೂಸ್ನ ಉಚ್ಚು ಅಂತ ಅನ್ನಾಕೆ ಬಂದ್ಯಾ?" ಎಂದು ಒಬ್ಬಳು ಮಗುವನ್ನು ಕೈಯಿಂದ ಕಿತ್ತುಕೊಂಡಳು. ವಾರದೊಳಗೆ ಅಂಗನವಾಡಿಗೆ ಬರುವ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾದವು.

ಬಂದ ಮಕ್ಕಳು ಲೋಟ ಎತ್ತಿದಾಗಲೆಲ್ಲ ಅವಳು ಕೆಲಸ ಬಿಟ್ಟು ನೋಡುತ್ತಿದ್ದಳು. ಒಂದು ಮಗು ನೀರು ನೆತ್ತಿಗೆ ಹತ್ತಿ ಕೆಮ್ಮಿದರೆ ಎದ್ದು ಹತ್ತಿರ ಓಡುತ್ತಿದ್ದಳು. ದೊಡ್ಡತಾಯಮ್ಮ ನೋಡಿ ನೋಡಿ, "ಇಂಗೇ ನೋಡ್ತಾ ಕುಂತ್ರೆ ನಿಂಗೇ ಏನಾರ ಆಗ್ಬುಡ್ತದೆ ಕಣವ್ವ" ಎಂದಳು.

ತಿಳಿದದ್ದು ಅವಳು ಕೇಳದೆ ಇದ್ದಾಗ. ಒಂದು ದಿನ ಮಕ್ಕಳು ಒಳಗಡೆಯೇ ಆಡಿಕೊಳ್ಳುತ್ತಿದ್ದವು. ಅವಳು ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ರಂಜಿತ ಎಂಬ ಹುಡುಗಿ ನಾಲ್ಕು ಕಾಲಿನ ಮೇಲೆ ನಿಂತು, ನಾಲಿಗೆ ಹೊರಗೆ ಹಾಕಿ, ಗುರ್ ಎನ್ನುತ್ತ ಓಡತೊಡಗಿದಳು. ಉಳಿದವು ಕಿರುಚುತ್ತ ಗೋಡೆ ಬದಿಗೆ ಸರಿದವು. ನಾಯಿ ಬಂದ ದಿನದ ಆಟ. ದೊಡ್ಡತಾಯಮ್ಮ ಬೈಯಲು ಬಾಯಿ ತೆರೆದಳು. ಯಶೋದಮ್ಮ ಕೈಸನ್ನೆ ಮಾಡಿ ತಡೆದಳು.

"ಚಿನ್ನು, ನೀ ಬಾ ಇಲ್ಲಿ. ನೀ ಡ್ರಮ್ ತಾವ ನಿಂತಿರ್ಬೇಕು" ಎಂದಳು ರಂಜಿತ.

"ನಾ ಬರಾಕಿಲ್ಲ" ಎಂದಳು ಚಿನ್ನು. ಉದ್ದ ಲಂಗದ, ನಾಲ್ಕೂವರೆ ವರ್ಷದ ಹುಡುಗಿ. ಮಾತು ಕಡಿಮೆ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವಳು ಎದ್ದಿರಲಿಲ್ಲ.

"ಬಾರೇ. ನಿಂಗೆ ತಾನೆ ಅದು ಇಲ್ಲಿ ಇಡ್ಕಂಡಿದ್ದು" ಎಂದು ರಂಜಿತ ತನ್ನ ಮೊಣಕಾಲಿನ ಹಿಂಭಾಗ ಮುಟ್ಟಿ ತೋರಿಸಿದಳು.

ಚಿನ್ನು ಎದ್ದು ಓಡಿಬಂದು ಅವಳ ಬಾಯಿ ಮುಚ್ಚಿದಳು. ಇನ್ನೊಂದು ಕೈಯಲ್ಲಿ ಲಂಗವನ್ನು ಕೆಳಗೆ ಜಗ್ಗಿ ಹಿಡಿದಿದ್ದಳು.

ಯಶೋದಮ್ಮನ ಮೊರದಿಂದ ಕಾಳು ನೆಲಕ್ಕೆ ಚೆಲ್ಲಿತು. ಎದ್ದುಹೋಗಿ ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಏನೂ ಕೇಳಲಿಲ್ಲ. ಮೆಲ್ಲಗೆ ಲಂಗ ಸರಿಸಿದಳು. ಮೀನಖಂಡದ ಮೇಲುಗಡೆ ಎರಡು ಕಂದು ಚುಕ್ಕೆ, ಅದರಿಂದ ಕೆಳಗೆ ಒಂದು ಸಣ್ಣ ಗೀರು. ಒಣಗಿ, ಹೊಸ ಚರ್ಮ ಬಂದಿತ್ತು.

"ಯಾಕ್ ಪುಟ್ಟಿ ಹೇಳ್ಲಿಲ್ಲ?"

ಮಗು ಅವಳ ಸೆರಗಿನೊಳಗೆ ಮುಖ ಹುದುಗಿಸಿ ಹೇಳಿತು. "ಸೂಜಿ ಬ್ಯಾಡ."

ಚಿನ್ನುವಿನ ಅಪ್ಪ ಚಲುವರಾಜು ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸದಲ್ಲಿದ್ದ. ಕಬ್ಬು ಅರೆಯುವ ಕಾಲದಲ್ಲಿ ಊರಿಗೆ ಬರುತ್ತಿದ್ದುದೇ ಅಪರೂಪ. ಮನೆಯಲ್ಲಿ ಅವನ ತಾಯಿ ಚಿಕ್ಕಬೋರಮ್ಮ ಹಾಗೂ ಹೆಂಡತಿ ಚೆಲುವಮ್ಮ. ಯಶೋದಮ್ಮ ಮಗುವನ್ನು ಎತ್ತಿಕೊಂಡೇ ಆ ಮನೆಯ ಬಾಗಿಲಿಗೆ ಹೋದಳು. ದಾರಿಯಲ್ಲಿ ಮಲಗಿದ್ದ ನಾಯಿಯೊಂದನ್ನು ದಾಟಿ ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಚೆಲುವಮ್ಮ ಗುರುತು ನೋಡಿದಳು. "ಬೇಲಿ ಮುಳ್ಳು ತರೀತು ಅಂದಿತ್ತು ಕಣಕ್ಕ. ನಾನೇ ಅರ್ಸ್ನ ಅಚ್ಚಿದ್ದೆ" ಎಂದಳು. ಆಮೇಲೆ ಮಗುವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಚಿಕ್ಕಬೋರಮ್ಮ ಮಾತ್ರ ಎದ್ದು ಬಾಗಿಲು ಅರ್ಧ ಮುಚ್ಚಿದಳು, ಬೀದಿಯವರಿಗೆ ಕೇಳದಿರಲೆಂದು. "ಮೆತ್ಗೆ ಮಾತಾಡು. ಎಣ್ ಕೂಸು. ಉಚ್ಚುನಾಯಿ ಕಚ್ಚಿತ್ತು ಅಂತ ಇವತ್ತು ಊರೆಲ್ಲ ಸಾರ್ಬುಟ್ರೆ ನಾಳೆ ಇದನ್ನ ಯಾರ್ ಮದ್ವೆ ಆಯ್ತಾರೆ? ನಾಗಮಂಗಲದ ತಾವ ಒಬ್ರು ಔಸ್ದಿ ಕೊಡ್ತಾರೆ. ಮಗ ಬರ್ಲಿ, ಭಾನ್ವಾರ ಕರ್ಕಂಡೋಗ್ತೀವಿ. ಎಷ್ಟ್ ಜನಕ್ಕೆ ವಾಸಿ ಆಗದೆ."

"ಆಗ್ಲೇ ತಡ ಆಗದೆ ಅಮ್ಮಾ. ಇದು ಬಂದ್ಮೇಲೆ ಯಾವ ಔಷಧೀನೂ ನಾಟಲ್ಲ."

"ನೀನೇನ್ ಡಾಕ್ಟ್ರಾ?"

"ಅಲ್ಲ. ನಾನು ನೋಡಿದ್ದೀನಿ."

ಅಲ್ಲಿಯವರೆಗೆ ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಇದ್ದದ್ದನ್ನು ಆ ಕತ್ತಲೆ ಪಡಸಾಲೆಯಲ್ಲಿ ನಿಂತು ಹೇಳಿದಳು. ಬೋಂಡ ಕರಿಯುವವನನ್ನು ಹೇಳಿದಳು, ಕಂಬ, ಹಗ್ಗ ಹೇಳಿದಳು. ಲೋಟದ ನೀರನ್ನೂ ಹೇಳಿದಳು. ಚಿಕ್ಕಬೋರಮ್ಮ ಗೋಡೆ ನೋಡುತ್ತ ಕೂತಳು. ಮಗು ಅಜ್ಜಿಯ ಮುಖ, ಅವ್ವನ ಮುಖ, ಮಿಸ್ಸಿನ ಮುಖ ಮೂರನ್ನೂ ಸುತ್ತಿ ಸುತ್ತಿ ನೋಡುತ್ತಿತ್ತು.

ಚೆಲುವಮ್ಮ ಅತ್ತೆಯ ಕಡೆ ತಿರುಗಲಿಲ್ಲ. ಹಗ್ಗದ ಮೇಲಿದ್ದ ಸೀರೆ ತೆಗೆದುಕೊಂಡು ಉಡತೊಡಗಿದಳು.

"ಪೇಟೆ ಬಸ್ಸು ಎಷ್ಟೊತ್ಗೆ ಅಕ್ಕ?" ಎಂದಳು.

ಬಸ್ಸಿನಲ್ಲಿ ಮಗು ಕಿಟಕಿಯ ಹತ್ತಿರ ಕೂತು ಕಬ್ಬಿನ ಗಾಡಿಗಳನ್ನು ನೋಡುತ್ತಿತ್ತು. ಪೇಟೆಗೆ ಹೋಗುವುದೇ ಅದಕ್ಕೊಂದು ಹಬ್ಬ. ಎಲ್ಲಿಗೆ ಎಂದು ಕೇಳಿದಾಗ ಚೆಲುವಮ್ಮ, "ಬಳೆ ತರಾಕೆ" ಎಂದಳು. ಯಶೋದಮ್ಮ ನಿಜ ಹೇಳೋಣ ಎಂದುಕೊಂಡಳು, ಹೇಳಲಿಲ್ಲ. ಆಸ್ಪತ್ರೆಯ ಬಾಗಿಲು ಕಂಡಾಗ ಮಗುವಿಗೆ ತಿಳಿದುಹೋಯಿತು. ಅಳಲಿಲ್ಲ. ಮೇಜಿನ ಮೇಲೆ ಮಲಗಿಸಿ, ಒಬ್ಬರು ಕಾಲು ಹಿಡಿದು, ಒಬ್ಬರು ಭುಜ ಹಿಡಿದು, ಹೊಟ್ಟೆಯ ಮೇಲಿನ ಅಂಗಿ ಸರಿಸಿದಾಗ, ತಲೆಯ ಹತ್ತಿರ ನಿಂತಿದ್ದ ಯಶೋದಮ್ಮನನ್ನು ಮೇಲಕ್ಕೆ ನೋಡಿ ಕೇಳಿತು.

"ನಾ ಗಲಾಟೇನೇ ಮಾಡ್ನಿಲ್ವಲ್ಲ ಮಿಸ್?"

ಯಶೋದಮ್ಮ ಮಗುವಿನ ಹಣೆಯ ಮೇಲೆ ಕೈಯಿಟ್ಟಳು. ಆ ಕೈ ಅಲ್ಲೇ ಇತ್ತು, ಮಗುವಿನ ಕೂಗು ನಿಲ್ಲುವ ತನಕ. ಸೂಜಿ ಹಾಕಿದ ನರ್ಸಮ್ಮ, "ನೀವ್ಯಾಕ್ರೀ ಅಳ್ತೀರಾ?" ಎಂದು ಅವಳನ್ನೇ ಗದರಿದಳು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ತಿಂಗಳ ಮೇಲೆ ಆಗಿದೆ. ಆದ್ರೂ ಕೊಡಬೇಕು. ದಿನಾ ಬರಬೇಕು, ಒಂದು ದಿನ ತಪ್ಪಿಸೋ ಹಾಗಿಲ್ಲ. ಕಾಲಿಗೆ ಕಚ್ಚಿರೋದು, ಲಂಗ ಬೇರೆ ಅಡ್ಡ ಇತ್ತು ಅಂತೀರಿ, ಅದೊಂದು ಒಳ್ಳೇದು. ಆಮೇಲೂ ಆರು ತಿಂಗಳು ಕಣ್ಣಿಟ್ಟು ನೋಡ್ಕೊಳ್ಳಿ."

"ಏನ್ ನೋಡ್ಬೇಕು ಸಾರ್?" ಎಂದಳು ಚೆಲುವಮ್ಮ.

ಡಾಕ್ಟರು ಯಶೋದಮ್ಮನ ಮುಖ ನೋಡಿದರು. ಅವಳಿಗೆ ಗೊತ್ತಿದೆ ಎಂದು ಅವರಿಗೆ ಅನ್ನಿಸಿರಬೇಕು. ಬೇರೆಯೇನೂ ಹೇಳದೆ ಇನ್ನೊಬ್ಬರನ್ನು ಕರೆದರು.

ಸೂಜಿಯ ದಿನಗಳು ಹೇಗೋ ಕಳೆದವು. ಚೆಲುವಮ್ಮ ಬೆಳಿಗ್ಗೆ ಮಗುವನ್ನು ಸೊಂಟಕ್ಕೆ ಏರಿಸಿ ಹೋಗುತ್ತಿದ್ದಳು, ಮಧ್ಯಾಹ್ನದ ಬಸ್ಸಿಗೆ ವಾಪಸು. ಹೊಟ್ಟೆಯೆಲ್ಲ ಗಂಟುಗಂಟಾಗಿ ಮಗು ಬಗ್ಗಿಯೇ ನಡೆಯುತ್ತಿತ್ತು. ಚಲುವರಾಜು ಸುದ್ದಿ ತಿಳಿದು ಬಂದವನು, ಹೆಂಡತಿಯ ಮೇಲೆ ಕೂಗಾಡಲು ಬಂದವನೇ ಇರಬೇಕು, ಮಗಳ ಹೊಟ್ಟೆ ನೋಡಿ ಹೊರಗೆ ಹೋಗಿ ಕೂತ. ಚಿಕ್ಕಬೋರಮ್ಮ ಹೇಳಿದ್ದೂ ಸುಳ್ಳಾಗಲಿಲ್ಲ. ಊರಿಗೆ ತಿಳಿಯಿತು. ಆ ಮನೆಯ ಮುಂದೆ ಆಡುತ್ತಿದ್ದ ಮಕ್ಕಳನ್ನು ಅವರವರ ತಾಯಂದಿರು ಕರೆದುಕೊಂಡರು. "ಅದ್ರ ಎಂಜ್ಲು ತಿನ್ಬ್ಯಾಡ, ಅದ್ರ ಪಕ್ಕ ಕೂರ್ಬ್ಯಾಡ" ಎಂದು ಕಲಿಸಿ ಕಳಿಸಿದರು. ಸೂಜಿ ಮುಗಿದು ಚಿನ್ನು ಅಂಗನವಾಡಿಗೆ ಮತ್ತೆ ಬಂದಾಗ ಉಳಿದ ಮಕ್ಕಳು ಸಾಲಾಗಿ ದೂರ ಸರಿದು ಕೂತವು. ರಂಜಿತ ಒಬ್ಬಳು ಸರಿಯಲಿಲ್ಲ. ಅವಳಿಗೆ ಮನೆಯಲ್ಲಿ ಹೇಳಿರಲಿಲ್ಲವೋ, ಹೇಳಿದ್ದನ್ನು ಕೇಳುವ ಮಗುವಲ್ಲವೋ.

ಯಾರೂ ಬಾಯಿಬಿಟ್ಟು ಆಡದ ಪ್ರಶ್ನೆಯೊಂದು ಉಳಿದಿತ್ತು. ಸೂಜಿ ಸರಿಯಾದ ಹೊತ್ತಿಗೆ ಬಿತ್ತೇ, ತಡವಾಯಿತೇ? ಅದನ್ನು ಹೇಳಬಲ್ಲದ್ದು ಕಾಲ ಒಂದೇ. ಯುಗಾದಿ ಬಂತು, ಹೋಯಿತು. ಬೇಸಿಗೆ ಏರಿತು. ಮಕ್ಕಳು ಗಳಿಗೆಗೊಮ್ಮೆ ನೀರು ಕೇಳುವ ಕಾಲ. ಯಶೋದಮ್ಮ ಚಿನ್ನುವಿಗೆ ತಾನೇ ಲೋಟ ತುಂಬಿ ಕೊಡುತ್ತಿದ್ದಳು. ಮಗು ಲೋಟ ಬಾಯಿಗಿಟ್ಟಾಗ ಕತ್ತಿನ ಕಡೆ ನೋಡುತ್ತಿದ್ದಳು, ಗುಟುಕು ಇಳಿಯುವ ತನಕ. ಮನೆಯಲ್ಲಿ ಚೆಲುವಮ್ಮನೂ ಹಾಗೆಯೇ ಎಂದು ಬೋರಿನ ಹತ್ತಿರ ಸಿಕ್ಕಾಗ ತಿಳಿಯಿತು. ಇಬ್ಬರೂ ಬೇರೆ ಏನೇನೋ ಮಾತಾಡುತ್ತಿದ್ದರು, ಕೊನೆಗೆ ಒಬ್ಬಳು ಕೇಳುತ್ತಿದ್ದಳು, "ಕುಡೀತಾ?" "ಕುಡೀತು." ಅಷ್ಟೇ.

ವೈಶಾಖದ ಒಂದು ಮಧ್ಯಾಹ್ನ ಚಿನ್ನು ಲೋಟ ತಳ್ಳಿದಳು.

"ಬ್ಯಾಡ."

ಯಶೋದಮ್ಮ ಲೋಟವನ್ನು ಮತ್ತೆ ಮುಂದೆ ಹಿಡಿದಳು. "ಒಂದ್ ಗುಟುಕು ಕುಡಿ ಪುಟ್ಟಿ" ಎಂದಳು.

"ಬ್ಯಾಡ." ಮಗು ತುಟಿ ಬಿಗಿಹಿಡಿದು ಮುಖ ಆಚೆಗೆ ತಿರುಗಿಸಿತು. ಕತ್ತು ಬಿಗಿದಿತ್ತು. ಬೆಳಿಗ್ಗೆಯಿಂದ ಕುಡಿದಿತ್ತೇ? ನೆನಪು ಮಾಡಿಕೊಂಡಳು, ನೆನಪಾಗಲಿಲ್ಲ. ಕೈ ಮುಟ್ಟಿದಳು, ಬಿಸಿ ಇತ್ತು, ಬಿಸಿಲಿನ ಬಿಸಿಯೋ ಜ್ವರದ್ದೋ. ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಚೆಲುವಮ್ಮನನ್ನು ಕರೆಸಬೇಕು, ಪೇಟೆಗೆ ಬಸ್ಸಿಲ್ಲ, ನಂಜಪ್ಪನ ಟ್ರಾಕ್ಟರು ಕೇಳಬೇಕು ಎಂದು ಯಶೋದಮ್ಮನ ತಲೆ ಓಡುತ್ತಿತ್ತು, ಮೈ ಅಲ್ಲಾಡುತ್ತಿರಲಿಲ್ಲ. ಹೊಸ್ತಿಲ ಮೇಲೆ ಸೌಟು ಹಿಡಿದು ನಿಂತ ದಿನದ ಹಾಗೆಯೇ. ಹೇಗೋ ಮೊಣಕಾಲೂರಿ ಮಗುವಿನ ಮುಂದೆ ಕೂತಳು.

"ಯಾಕ್ ಬ್ಯಾಡ ಚಿನ್ನು? ಗಂಟ್ಲು ನೋಯ್ತದಾ? ನೀರು ಕಂಡ್ರೆ ಏನಾಯ್ತದೆ? ನಂಗೆ ಹೇಳು. ಯಾರೂ ಬೈಯಲ್ಲ, ಯಾರೂ ಏನೂ ಮಾಡಲ್ಲ."

ಮಗು ತಲೆ ತಗ್ಗಿಸಿ ಹೇಳಿತು.

"ನೀವು ನೋಡ್ತೀರಲ್ಲ. ನೀವೆಲ್ಲ ಅಂಗೇ ನೋಡ್ತೀರಲ್ಲ. ನಂಗೆ ಎದ್ರಿಕೆ ಆಯ್ತದೆ."

ಯಶೋದಮ್ಮ ಲೋಟವನ್ನು ಮಗುವಿನ ಪಕ್ಕದಲ್ಲಿ ನೆಲದ ಮೇಲಿಟ್ಟಳು. ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ದೊಡ್ಡತಾಯಮ್ಮನಿಗೂ ಸನ್ನೆ ಮಾಡಿದಳು. ಆ ಹೆಂಗಸೂ ಹೊರಗೆ ತಿರುಗಿದಳು. ಗೋಡೆಯ ಮೇಲೆ ಅ ಆ ಇ ಈ ಬರೆದ ಹಾಳೆ ಇತ್ತು. ಅದನ್ನೇ ನೋಡುತ್ತ ನಿಂತಳು, ಒಂದಕ್ಷರವೂ ಕಾಣಲಿಲ್ಲ. ಹಿಂದೆ ಸದ್ದಿಲ್ಲ. ಹೊರಗೆ ಯಾವುದೋ ಗಾಡಿ ಹೋಯಿತು. ಆಮೇಲೆ ಲೋಟ ನೆಲಕ್ಕೆ ಉಜ್ಜಿದ ಸದ್ದು. ಒಂದು ಗುಟುಕು. ಇನ್ನೊಂದು. ಕೊನೆಗೆ ಖಾಲಿ ಲೋಟವನ್ನು ಕೆಳಗಿಟ್ಟದ್ದು.

ಅವಳು ಕೂಡಲೇ ತಿರುಗಲಿಲ್ಲ. ಕಣ್ಣು ಒರೆಸಿಕೊಂಡ ಮೇಲೆ ತಿರುಗಿದಳು. ಅಷ್ಟರಲ್ಲಿ ಚಿನ್ನು ರಂಜಿತಳ ಜೊತೆ ಬಳಪದ ಚೂರಿಗೆ ಜಗಳವಾಡುತ್ತಿದ್ದಳು.

ಅಂದೇ ಸಂಜೆ ಚೆಲುವಮ್ಮನಿಗೂ ಹೇಳಿದಳು: ನೋಡಬೇಡ, ಪಕ್ಕದಲ್ಲಿಟ್ಟು ತಿರುಗಿಕೋ. ಇಬ್ಬರೂ ನೋಡುವುದನ್ನು ಬಿಟ್ಟರು. ಕಿವಿ ಕೊಡುವುದನ್ನು ಬಿಡಲಾಗಲಿಲ್ಲ. ಆಷಾಢ ಕಳೆದು, ಗೌರಿ ಹಬ್ಬ ಕಳೆದು, ಡಾಕ್ಟರು ಹೇಳಿದ ಅವಧಿ ದಾಟಿತು. ಮಗುವಿಗೆ ಏನೂ ಆಗಲಿಲ್ಲ. ದಾಟಿದ ದಿನ ಯಾವುದೆಂದು ಚೆಲುವಮ್ಮನೂ ಯಶೋದಮ್ಮನೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳಿದರೆ ಯಾರಿಗಾದರೂ ಕೇಳಿಸೀತು ಎಂಬ ಭಯ. ಮುಂದಿನ ಜೂನಿಗೆ ಚಿನ್ನು ಒಂದನೇ ಕ್ಲಾಸಿಗೆ ಸೇರಿದಳು. ಮೊದಲ ದಿನ ಅಜ್ಜಿ ಚಿಕ್ಕಬೋರಮ್ಮನೇ ಕೈಹಿಡಿದು ಬಿಟ್ಟು ಬಂದಳು.

ಬೇಲಿಯ ಕಂಡಿ ಮುಚ್ಚಬೇಕೆಂದು ಡೈರಿಯ ಮುಂದೆ ಬಹಳ ದಿನ ಚರ್ಚೆಯಾಯಿತು. ಪಂಚಾಯ್ತಿ ಮಾಡಲಿ ಎಂದರು, ಸರ್ಕಾರ ಮಾಡಲಿ ಎಂದರು. ಕೊನೆಗೆ ನಂಜಪ್ಪ ತನ್ನ ತೋಟದ ಒಂದು ಬೇವಿನ ಮರ ಕೊಯ್ಯಿಸಿ ಕೊಟ್ಟ. ಲಕ್ಷ್ಮಣ ಕೂಲಿ ಕೇಳದೆ ಅಡ್ಡಪಟ್ಟಿ ಬಡಿದು ಒಂದು ಗೇಟು ನಿಲ್ಲಿಸಿದ. ನಂಜಪ್ಪನ ಮೊಮ್ಮಗ ಪೇಟೆ ಕಾನ್ವೆಂಟಿಗೇ ಹೋಗುತ್ತಿದ್ದ. ಅಂಗನವಾಡಿಯಲ್ಲಿ ಏನು ಕಲಿಯುತ್ತಾರೆ ಎಂಬ ಮಾತೂ ನಿಲ್ಲಲಿಲ್ಲ. ಮಕ್ಕಳು ಮಾತ್ರ ಒಂದೊಂದಾಗಿ ವಾಪಸು ಬಂದವು.

ಯಶೋದಮ್ಮ ಆ ದಶಕ ಮುಗಿಯುವ ತನಕ ಅಲ್ಲೇ ಇದ್ದಳು. ನಾಯಿಯ ಭಯ ಹೋಗಲಿಲ್ಲ. ಆ ವರ್ಷದಿಂದ ಒಂದು ರೂಢಿ ಬಂತು: ಮನೆಗೆ ಬಿಡುವ ಮುಂಚೆ ಮಕ್ಕಳನ್ನು ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಕೂರಿಸಿ, ಚೊಂಬಿನಲ್ಲಿ ನೀರು ಹುಯ್ದು, ಮೊಣಕಾಲಿನವರೆಗೆ ತಾನೇ ಕಾಲು ತೊಳೆದು, ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡುವುದು. ಹಾಗೆ ತೊಳೆಯುವಾಗ ಆಟ, ಜಗಳ, ಬಿದ್ದದ್ದು, ಗೀರಿದ್ದು ಎಲ್ಲವನ್ನೂ ಮಕ್ಕಳು ತಾವಾಗಿಯೇ ಹೇಳುತ್ತಿದ್ದವು. ಮನೆಗಳಲ್ಲಿ ಅದನ್ನು ಶುಚಿ ಎಂದೇ ತಿಳಿದರು. "ಏನೇ ಅನ್ನಿ, ನಮ್ ಟೀಚರಮ್ಮ ಐಕ್ಳ ಕಾಲ್ ತೊಳ್ದೇ ಮನೆಗೆ ಕಳ್ಸೋದು" ಎಂದು ಬೇರೆ ಊರಿನವರ ಮುಂದೆ ಹೆಮ್ಮೆಪಟ್ಟುಕೊಳ್ಳುತ್ತಿದ್ದರು. ಜನ ಹಾಗೇ ತಿಳಿದುಕೊಳ್ಳಲಿ ಎಂದು ಅವಳು ಬಿಟ್ಟಳು.